ಕರಗ ನೋಡೋಕೆ ಎಷ್ಟು ಗಂಟೆಗೆ ಬರಬೇಕು?

ಚೈತ್ರದ ಹುಣ್ಣಿಮೆ ಹತ್ತಿರ ಬಂತೆಂದರೆ ನನಗೆ ಫೋನುಗಳು ಶುರು. "ಬೆಂಗಳೂರು ಕರಗ ಎಷ್ಟು ಗಂಟೆಗೆ ಹೊರಡುತ್ತೆ?" ನಾನು ಹೇಳುವುದು ಒಂದೇ. ರಾತ್ರಿ ಚೆನ್ನಾಗಿ ಮಲಗಿ, ನಸುಕಿಗೆ ಎದ್ದು ಬನ್ನಿ.

ಕರಗ ಅಂದರೆ ದ್ರೌಪದಿಯ ಹೆಸರಲ್ಲಿ ಪೂಜಾರಿ ತಲೆ ಮೇಲೆ ಹೊತ್ತು ಬರುವ ಹೂವಿನ ಗೋಪುರ, ಹಬ್ಬಕ್ಕೂ ಅದೇ ಹೆಸರು. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಅದು ಹೊರಬೀಳುವಾಗ ಮಧ್ಯರಾತ್ರಿ ದಾಟಿರುತ್ತದೆ. ಒಂದು ವರ್ಷ ನಾನೂ ಅಲ್ಲಿ ಮೂರು ಗಂಟೆ ನಿಂತಿದ್ದೆ. ಕಂಡಿದ್ದು ಎತ್ತಿ ಹಿಡಿದ ಮೊಬೈಲುಗಳು. ಕಳೆದುಕೊಂಡಿದ್ದು ಎಡಗಾಲಿನ ಚಪ್ಪಲಿ.

ಬೆಳಗಿನ ಜಾವದ ಪೇಟೆ ಬೀದಿಯ ಕಥೆಯೇ ಬೇರೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಿರುತ್ತಾರೆ. ಅಜ್ಜಿಯರು ತಟ್ಟೆ ತುಂಬ ಬಿಡಿ ಮಲ್ಲಿಗೆ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಮೊದಲು ದೂರದಿಂದ "ಗೋವಿಂದ ಗೋವಿಂದ" ಕೇಳುತ್ತದೆ. ಆಮೇಲೆ ಬಿಚ್ಚುಗತ್ತಿ ಹಿಡಿದು ಕರಗದ ಕಾವಲಿಗೆ ಬರುವ ವೀರಕುಮಾರರು. ನಡುವೆ ಸೀರೆ ಉಟ್ಟು, ಬಳೆ ತೊಟ್ಟ ಪೂಜಾರಿ. ಆ ಹೊತ್ತಿಗೆ ಅವರು ದ್ರೌಪದಿ. ತಲೆ ಮೇಲೆ ಎತ್ತರದ ಹೂವಿನ ಕರಗ, ಅದಕ್ಕೆ ಕೈ ತಾಕಿಸುವ ಹಾಗಿಲ್ಲ. ನಡೆಯುವುದೂ ಇಲ್ಲ, ಹೆಚ್ಚುಕಡಿಮೆ ಓಟ. ಅರ್ಧ ನಿಮಿಷದಲ್ಲಿ ದಾಟಿ ಹೋಗಿಬಿಡುತ್ತಾರೆ. ಅದಕ್ಕೇ ಫೋನ್ ಜೇಬಲ್ಲಿರಲಿ.

ದಾರಿಯಲ್ಲಿ ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೂ ಕರಗ ಹೋಗುತ್ತದೆ. 2022ರಲ್ಲಿ ಕೆಲವರು ಅದು ಬೇಡ ಅಂದರು. ಗುಡಿಯವರು ಕಿವಿಗೆ ಹಾಕಿಕೊಳ್ಳಲಿಲ್ಲ, ಕರಗ ಹೋಗಿಯೇ ಹೋಯಿತು. ನನಗಂತೂ ಖುಷಿ ಆಯಿತು.

ಆದರೆ ನನ್ನ ಹೊಟ್ಟೆಯುರಿ ಬೇರೆ. ಕರಗ ನಡೆಸುವ ತಿಗಳರು ತೋಟದ ಜನ. ಕೆರೆ ನೀರು ನಂಬಿ ಹೂವು, ತರಕಾರಿ ಬೆಳೆದು ಊರಿಗೆ ಕೊಟ್ಟವರು. ಅವರ ಹಬ್ಬಕ್ಕೂ ನೀರೇ ಬೇಕು. ಹುಣ್ಣಿಮೆಗೆ ಮುಂಚೆ ಹಸಿ ಕರಗ ಅಂತ ಒಂದು ಪೂಜೆ ಆಗುತ್ತದೆ, ಅದು ಸಂಪಂಗಿ ಕೆರೆಯ ನಂಟಿನದು. ಆ ಕೆರೆ ಎಲ್ಲಿ ಅಂತೀರಾ? ಕಂಠೀರವ ಕ್ರೀಡಾಂಗಣ ಇದೆಯಲ್ಲ, ಅದರ ಅಡಿಯಲ್ಲಿ. ಪಕ್ಕದಲ್ಲಿ ಒಂದು ಕುಂಟೆ ಉಳಿದಿದೆ. ಅದೂ ಕರಗಕ್ಕೆ ಬೇಕು ಅನ್ನುವ ಕಾರಣಕ್ಕೆ. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಅದು ಪಾರ್ಕಿಂಗ್ ಆಗಿರುತ್ತಿತ್ತು, ಅಲ್ವಾ? ಹೂವಿನ ಕರಗದ ರಾತ್ರಿ ಬೀದಿ ತುಂಬ ಸೀರಿಯಲ್ ಸೆಟ್ ದೀಪ ಹಾಕಿ ಸಂಭ್ರಮ ಪಡುವ ನಾವು, ಆ ಕುಂಟೆಯನ್ನು ಒಂದು ಸಲವೂ ನೋಡಿರುವುದಿಲ್ಲ. ನಾನೇ ನೋಡಿದ್ದು ನಲವತ್ತು ದಾಟಿದ ಮೇಲೆ.

ಈ ಸಲ ಬರುವವರು ಗಾಡಿ ತರಬೇಡಿ, ಪೇಟೆಯಲ್ಲಿ ಸೈಕಲ್ ನಿಲ್ಲಿಸಲೂ ಜಾಗ ಇರಲ್ಲ. ಹಳೇ ಚಪ್ಪಲಿ ಹಾಕಿಕೊಳ್ಳಿ. ಕರಗ ದಾಟಿದ ಮೇಲೆ ಕಂಠೀರವದ ಕಡೆ ನಡೆದುಕೊಂಡು ಹೋಗೋಣ, ಕುಂಟೆ ತೋರಿಸುತ್ತೇನೆ. ಇಡ್ಲಿ ಆಮೇಲೆ.