ಗಂಟೆಗೆ ಇಪ್ಪತ್ತು, ಹಿಡಿತಕ್ಕೆ ಎರಡೂವರೆ ಲಕ್ಷ

ನನ್ನ ಭಾವಮೈದನ ಕಾರಿಗೆ ಎರಡೇ ಸೀಟು. ಒಂದರಲ್ಲಿ ಅವನು, ಇನ್ನೊಂದರಲ್ಲಿ ಅವನ ಸಾಲ. ಸೆಕೆಂಡ್ ಹ್ಯಾಂಡ್ ಜರ್ಮನ್ ಗಾಡಿ, ಹಿಂದಿನ ಚಕ್ರ ದೂಡುವಂಥದ್ದು, ನೆಲದಿಂದ ಒಂದು ಗೇಣೂ ಎತ್ತರವಿಲ್ಲ. ಮೂರು ತಿಂಗಳಿಂದ ಅವನಿಗೆ ನಿದ್ದೆ ಇಲ್ಲ. ಕಾರಣ, ಅದರಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇಲ್ಲ. ಡಿಫರೆನ್ಷಿಯಲ್ ಅಂದರೆ ಎಂಜಿನ್ನಿನ ಬಲವನ್ನು ಎಡಬಲದ ಚಕ್ರಗಳಿಗೆ ಹಂಚುವ ಸಾಮಾನು. ಲಿಮಿಟೆಡ್ ಸ್ಲಿಪ್ ಅಂದರೆ ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಬಲ ತಲುಪಿಸುವಂಥದ್ದು.

"ಭಾವ, ತಿರುವಿಂದ ಆಚೆ ಬರುವಾಗ ಒಳಗಿನ ಚಕ್ರ ಸುಮ್ನೆ ತಿರುಗುತ್ತೆ. ಪವರೆಲ್ಲಾ ವೇಸ್ಟು."

"ಯಾವ ತಿರುವಪ್ಪ?"

ಸ್ವಲ್ಪ ಯೋಚಿಸಿದ. "ನಂದಿ ಬೆಟ್ಟ."

ನಂದಿ ಬೆಟ್ಟದ ತಿರುವಿನಲ್ಲಿ ಭಾನುವಾರ ಬೆಳಗ್ಗೆ ಏನಿರುತ್ತದೆ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಸೂರ್ಯೋದಯ ನೋಡಲು ಹೋದವರು ಸೂರ್ಯ ನೆತ್ತಿಗೆ ಬರುವವರೆಗೂ ಮುಂದಿನ ಕಾರಿನ ಬ್ರೇಕ್ ಲೈಟು ನೋಡುತ್ತಾ ಕೂತಿರುತ್ತಾರೆ. ಊರೊಳಗಿನದ್ದು ಇನ್ನೂ ಚೆಂದ. 2022ರಲ್ಲಿ ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯವರು ಅಳೆದಾಗ ನಗರದ ನಡುವೆ 10 ಕಿ.ಮೀ. ದಾಟಲು 29 ನಿಮಿಷ ಬೇಕಾಗಿತ್ತು. ಅಂದರೆ ಗಂಟೆಗೆ ಇಪ್ಪತ್ತು ಚಿಲ್ಲರೆ. ಈ ವೇಗದಲ್ಲಿ ಹಾಲಿನ ಸೈಕಲ್ಲಿಗೂ ತಿರುವಿನ ಚಿಂತೆ ಇರುವುದಿಲ್ಲ.

ಆದರೂ ಅವನು ಹೇಳುವುದರಲ್ಲಿ ನ್ಯಾಯವಿದೆ. ಸಾದಾ ಡಿಫರೆನ್ಷಿಯಲ್ ಹಳೇ ಕಾಲದ ಯಜಮಾನನ ಥರ. ಇಬ್ಬರು ಮಕ್ಕಳಿಗೂ ಸಮಪಾಲು. ಕೈಲಾಗದವನು ಎಷ್ಟು ಹೊರುತ್ತಾನೋ ಇನ್ನೊಬ್ಬನ ತಲೆಗೂ ಅಷ್ಟೇ ಹೊರೆ. ಒಬ್ಬನ ಕಾಲಡಿ ಕೆಸರು ಬಂದರೆ ಮುಗೀತು. ಅವನು ಗರಗರ ತಿರುಗುತ್ತಾನೆ, ಗಟ್ಟಿ ನೆಲದ ಮೇಲಿರುವವನು ಕೈಕಟ್ಟಿ ನಿಂತಿರುತ್ತಾನೆ. ನಮ್ಮ ಬೀದಿಯ ಕಾಮಗಾರಿಗೂ ಇದೇ ಸಾಮಾನು ಹಾಕಿದ್ದಾರೆ ಅಂತ ನನ್ನ ಅನುಮಾನ. ಒಬ್ಬರು ಡಾಂಬರು ಹಾಕುತ್ತಾರೆ, ಹದಿನೈದು ದಿನಕ್ಕೆ ಇನ್ನೊಬ್ಬರು ಪೈಪಿಗೆ ಅಂತ ಅಗೆಯುತ್ತಾರೆ. ಎಂಜಿನ್ ಓಡುತ್ತಲೇ ಇದೆ, ಬಿಲ್ಲೂ ಆಗುತ್ತಿದೆ, ಗಾಡಿ ಮಾತ್ರ ಕದಲುತ್ತಿಲ್ಲ.

ಲಿಮಿಟೆಡ್ ಸ್ಲಿಪ್ ಹಾಕಿಸಿಯೇ ತೀರುವುದು ಅಂತ ಹೊರಟವನು ಮೊದಲು ಆರಿಸಿದ್ದು ಅದರಲ್ಲಿ ಗೇರಿನ ಬಗೆ. ಒಳಗೆ ಓರೆ ಹಲ್ಲಿನ ಗೇರುಗಳು, ಸದ್ದಿಲ್ಲ, ಸವೆತ ಕಡಿಮೆ. ಜಾರುವ ಚಕ್ರದಲ್ಲಿ ಎಷ್ಟು ಹಿಡಿತ ಉಳಿದಿದೆಯೋ ಅದರ ಎರಡು ಮೂರು ಪಟ್ಟು ಬಲ ಇನ್ನೊಂದು ಚಕ್ರಕ್ಕೆ ಹೋಗುತ್ತದೆ. ಅಡ್ವಾನ್ಸ್ ಕೊಡುವ ಹಿಂದಿನ ಸಂಜೆ ನಮ್ಮ ಮನೆಗೆ ಬಂದ. ಬಂದದ್ದೇ ತಪ್ಪಾಯಿತು.

ನಮ್ಮ ಬೀದಿಯಲ್ಲಿ ಒಂದು ಹಂಪ್ ಇದೆ. ರಸ್ತೆ ಹೇಗಿರಬೇಕು ಅಂತ ಅಳತೆ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಹಂಪ್ ಅಂದರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 25 ಕಿ.ಮೀ. ವೇಗದಲ್ಲಿ ದಾಟುವಂಥದ್ದು. ನಮ್ಮದು ಯಾರದೋ ಮನೆಯ ತಾರಸಿ ಹಾಕಿ ಉಳಿದ ಕಾಂಕ್ರೀಟಿನದು. ಅಗಲ ಎರಡು ಅಡಿ, ಎತ್ತರ ಕಟ್ಟಿದವನ ಸಿಟ್ಟಿನಷ್ಟು. ನೇರ ಹತ್ತಿಸಿದರೆ ಕಾರಿನ ಹೊಟ್ಟೆ ಕೆರೆಯುತ್ತದೆ. ಹಾಗಾಗಿ ಅವನು ಓರೆಯಾಗಿ ಹತ್ತಿಸಿದ, ಸೀರೆ ಉಟ್ಟವರು ಸ್ಕೂಟರ್ ಹತ್ತುವ ಹಾಗೆ. ಹಿಂದಿನ ಎಡ ಚಕ್ರ ಗಾಳಿಯಲ್ಲಿ ನೇತಾಡಿತು. ಆಕ್ಸಿಲರೇಟರ್ ಒತ್ತಿದ. ಅದು ಬರೀ ಗಾಳಿ ಬೀಸಿತು. ಕಾರಿನ ಕಂಪ್ಯೂಟರಿಗೆ ಬಿಟ್ಟಿದ್ದರೆ ಅದೇ ಆ ಚಕ್ರಕ್ಕೆ ಬ್ರೇಕ್ ಹಿಡಿದು ಸುಧಾರಿಸುತ್ತಿತ್ತು. ಆದರೆ ಇವನು ಅದನ್ನು ಆಫ್ ಮಾಡಿರುತ್ತಾನೆ. ಸ್ಪೋರ್ಟ್ಸ್ ಕಾರು, ಅಲ್ವಾ.

ಅಲ್ಲೇ, ಹಂಪಿನ ಮೇಲೆ ಕೂತೇ ಅವನಿಗೆ ಜ್ಞಾನೋದಯವಾಯಿತು. ಗಾಳಿಯಲ್ಲಿರುವ ಚಕ್ರಕ್ಕೆ ಹಿಡಿತ ಸೊನ್ನೆ. ಸೊನ್ನೆಯ ಮೂರು ಪಟ್ಟು ಎಷ್ಟು? ಗೇರಿನ ಬಗೆ ರದ್ದಾಯಿತು. ಜಪಾನಿನ ರೇಸ್ ಟ್ರ್ಯಾಕು, ಜರ್ಮನಿಯ ಹೆದ್ದಾರಿ ಎಲ್ಲಾ ನೋಡಿಕೊಂಡು ಮಾಡಿದ್ದ ಆಯ್ಕೆಯನ್ನು ಎರಡು ಅಡಿ ಕಾಂಕ್ರೀಟು ತಿರುವಿಹಾಕಿತು.

ಉಳಿದದ್ದು ಪ್ಲೇಟಿನ ಬಗೆ. ಕ್ಲಚ್ ಪ್ಲೇಟುಗಳು ಸ್ಪ್ರಿಂಗಿನ ಒತ್ತಡದಲ್ಲೇ ಒಂದಿಷ್ಟು ಬಿಗಿಯಾಗಿರುತ್ತವೆ, ಚಕ್ರ ಗಾಳಿಗೆ ಹೋದರೂ ಇನ್ನೊಂದಕ್ಕೆ ಏನಾದರೂ ಸಿಗುತ್ತದೆ. ಇದರಲ್ಲಿ ಮತ್ತೆ ಮೂರು ಜಾತಿ. ಒನ್ ವೇ ಅಂದರೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಿಗಿ. ಟೂ ವೇ ಅಂದರೆ ಬಿಟ್ಟಾಗಲೂ ಬಿಗಿ. ನಡುವಿನದು ಒಂದೂವರೆ ವೇ. ಇದು ಬೆಂಗಳೂರಿನವರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ಎಲ್ಲಾ ಒನ್ ವೇ ರಸ್ತೆಗಳೂ ಒಂದೂವರೆ ವೇನೇ, ಆ ಅರ್ಧದಲ್ಲಿ ಸ್ಕೂಟರುಗಳು ಎದುರಿಗೆ ಬರುತ್ತವೆ.

ಯುಗಾದಿಗೆ ಮದ್ದೂರಿನ ಕಡೆ ನಮ್ಮ ಮಾವನ ಮನೆಗೆ ಹೋದಾಗಲೂ ಇದೇ ಪುರಾಣ. ಮಾವ ಎಲೆ ಮಡಚುತ್ತಾ ಪೂರ್ತಿ ಕೇಳಿಸಿಕೊಂಡರು. "ಟ್ರ್ಯಾಕ್ಟರ್‌ನಾಗೆ ಐತಲ್ಲೋ ಅದು. ಒಂದು ಚಕ್ರ ಕೆಸರಿಗೆ ಇಳಿದ್ರೆ ಹಿಮ್ಮಡೀಲಿ ಒತ್ತೋದು. ಎರಡೂ ಒಟ್ಟಿಗೆ ತಿರುಗ್ತವೆ, ಆಚೆ ಬತ್ತದೆ. ಬಂದ ಮೇಲೆ ಬಿಡೋದು. ಅದಕ್ಕೆಷ್ಟು ಕೊಡ್ತಿದೀಯ?"

ಎರಡೂವರೆ ಲಕ್ಷ ಅಂತ ಮಗ ಹೇಳಲಿಲ್ಲ. ಒಬ್ಬಟ್ಟು ತಿಂದ.

ಇನ್ನು ಕಾನೂನು. ತಯಾರಕರು ಹೇಳಿದ್ದಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಮಾಡಿತು. ಒಳಗಿನ ಗೇರು ಅದರಡಿ ಬರುತ್ತದೋ ಇಲ್ಲವೋ ಅಂತ ಇವನು ವಕೀಲರೊಬ್ಬರನ್ನು ಕೇಳಿದ. ಅವರು, ನಿಮ್ಮ ಬೀದಿಯ ಹಂಪ್ ಯಾವ ಸೆಕ್ಷನ್‌ನಲ್ಲಿ ಬರುತ್ತದೆ ಅಂತ ವಾಪಸ್ ಕೇಳಿದರಂತೆ. ಗಾಡಿ ಬದಲಿಸಿದರೆ ಅಪರಾಧ, ರಸ್ತೆ ಬದಲಿಸಿದರೆ ಕಾಮಗಾರಿ.

ಕೊನೆಗೂ ಒಂದೂವರೆ ವೇ ಬಂತು, ಕೂತಿತು. ನಿಧಾನಕ್ಕೆ ಪೂರ್ತಿ ಸ್ಟಿಯರಿಂಗ್ ತಿರುಗಿಸಿದರೆ ಪ್ಲೇಟುಗಳು ಕಟಕಟ ಅನ್ನುತ್ತವೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಮೊದಲ ದಿನವೇ ಸೆಕ್ಯೂರಿಟಿಯವರು ಓಡಿ ಬಂದು ಟಾರ್ಚ್ ಹಾಕಿ ಕಾರಿನ ಕೆಳಗೆ ನೋಡಿದರು. "ಸಾರ್, ಏನೋ ಮುರಿದಿದೆ." ಇವನಿಗೆ ಅವತ್ತು ಆದಷ್ಟು ಖುಷಿ ಮದುವೆಯಲ್ಲೂ ಆಗಿರಲಿಲ್ಲ.

ಒಂದು ಕೆಲಸ ಬಾಕಿ ಇತ್ತು. ಹೊಸ ಪ್ಲೇಟು ಹೊಂದಿಕೊಳ್ಳಬೇಕಾದರೆ ಖಾಲಿ ಜಾಗದಲ್ಲಿ, ತೀರಾ ನಿಧಾನವಾಗಿ, ಎಂಟರ ಆಕಾರದಲ್ಲಿ ಸುತ್ತಬೇಕಂತೆ. ಆಮೇಲೆ ಆಯಿಲ್ ಬದಲಿಸಬೇಕಂತೆ. ಬೆಂಗಳೂರಲ್ಲಿ ಖಾಲಿ ಜಾಗ ಹುಡುಕಲು ಎರಡು ವಾರ ಹಿಡಿಯಿತು. ಊರಾಚೆ, ಇನ್ನೂ ಸೈಟು ಮಾರದ ಒಂದು ಲೇಔಟು. ಬೆಳಗ್ಗೆ ಆರು ಗಂಟೆ, ಮೂರು ಹಸು, ಎರಡು ನಾಯಿ, ನಾನು. ಎರಡೂವರೆ ಲಕ್ಷದ ಹಿಡಿತ ಹಾಕಿಕೊಂಡ ಕಾರು ಕಟಕಟ ಅನ್ನುತ್ತಾ ನಡೆಯುವವರಿಗಿಂತ ನಿಧಾನವಾಗಿ ಎಂಟು ಹಾಕುತ್ತಿತ್ತು.

ಹಸು ಹೊಡೆದುಕೊಂಡು ಬಂದ ಅಜ್ಜ ತುಂಬಾ ಹೊತ್ತು ನೋಡಿದರು. ಆಮೇಲೆ ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದರು.

"ಲೈಸೆನ್ಸ್‌ಗಾ? ಎಷ್ಟು ಸಲ ಫೇಲಾಗವ್ನೆ?"