ಸತ್ಯಾಂಶ: ವಿವಿಟಿ ಕನೆಕ್ಟರ್ ಕಿತ್ತರೆ ಮೈಲೇಜ್ ಹೆಚ್ಚುವುದಿಲ್ಲ

ವಿವಿಟಿ (ಎಂಜಿನ್ನಿನ ಕವಾಟಗಳು ತೆರೆದು ಮುಚ್ಚುವ ಸಮಯವನ್ನು ಬದಲಿಸುವ ವ್ಯವಸ್ಥೆ) ಸೊಲೆನಾಯ್ಡ್‌ನ, ಅಂದರೆ ಅದರ ವಿದ್ಯುತ್ ಚಾಲಿತ ಕವಾಟದ, ಕನೆಕ್ಟರ್ ಕಿತ್ತಿಟ್ಟರೆ ಕಾರಿನ ಮೈಲೇಜ್ ಹೆಚ್ಚುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ; ಇದು ತಪ್ಪು. ಟೊಯೋಟಾದ ವಿವಿಟಿ-ಐ ಬಗೆಯ ವ್ಯವಸ್ಥೆಯಲ್ಲಿ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ನೀಡುವ ಸಂಜ್ಞೆಯಂತೆ ಸೊಲೆನಾಯ್ಡ್ ಕವಾಟವು ಎಂಜಿನ್ ಆಯಿಲನ್ನು ಒತ್ತಡದಲ್ಲಿ ಕ್ಯಾಮ್ ಗೇರಿನೊಳಗಿನ ಕೋಣೆಗಳಿಗೆ ಹಾಯಿಸಿ, ಎಂಜಿನ್ನಿನ ವೇಗಕ್ಕೂ ಹೊರೆಗೂ ತಕ್ಕಂತೆ ಇನ್‌ಟೇಕ್ ಕ್ಯಾಮ್‌ಶಾಫ್ಟನ್ನು (ಒಳಹರಿವಿನ ಕವಾಟಗಳನ್ನು ತೆರೆಯುವ ದಂಡವನ್ನು) ತುಸು ಹಿಂದೆ ಮುಂದೆ ತಿರುಗಿಸುತ್ತದೆ. ಕನೆಕ್ಟರ್ ಕಿತ್ತರೆ ಕ್ಯಾಮ್ ಅತ್ಯಂತ ತಡವಾದ, ಅಂದರೆ ಕವಾಟಗಳು ತಡವಾಗಿ ತೆರೆಯುವ, ಸ್ಥಾನದಲ್ಲೇ ಉಳಿದು, ಪಿ0010 ದೋಷಸಂಕೇತದೊಂದಿಗೆ ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ನಡುವೇಗದಲ್ಲಿ ಎಳೆಯುವ ಶಕ್ತಿ ಕುಗ್ಗುವುದರಿಂದ ಇಂಧನ ಹೆಚ್ಚೇ ಖರ್ಚಾಗುತ್ತದೆ. ಐಡಲ್‌ನಲ್ಲಿ (ಕಾರು ನಿಂತಿದ್ದಾಗ) ಎಂಜಿನ್ ಮೊದಲಿನಂತೆಯೇ ನಯವಾಗಿ ಓಡುವುದು ಜನರನ್ನು ನಂಬಿಸಿರಬೇಕು, ಏಕೆಂದರೆ ಆ ಹೊತ್ತಿನಲ್ಲಿ ಕ್ಯಾಮ್ ಹೇಗೂ ತಡವಾದ ಸ್ಥಾನದಲ್ಲೇ ಇರುತ್ತದೆ. ಕವಾಟಗಳ ಟೈಮಿಂಗ್ ನಿಜಕ್ಕೂ ತಪ್ಪಿದ್ದರೆ ಮೊದಲು ನೋಡಬೇಕಾದದ್ದು ಆಯಿಲ್‌ನ ಮಟ್ಟ, ಅದರ ಗ್ರೇಡ್, ಮತ್ತು ಸೊಲೆನಾಯ್ಡ್ ಕವಾಟದ ಪುಟ್ಟ ಜಾಲರಿಯಲ್ಲಿ ಕಟ್ಟಿಕೊಂಡ ಜಿಡ್ಡು.