ಕಣ್ಣು ಹೋಗಲ್ಲ ಕಂದ, ಕೇಳು

ನಿನ್ನೆ ಮನೆಯವರೆಲ್ಲ ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ಬಂದು ಒಂದು ದಿನವಾದರೂ ನನ್ನ ಕೋಪ ಇಳಿದಿಲ್ಲ.

ದೊಡ್ಡಬೆಟ್ಟದ 600ಕ್ಕೂ ಜಾಸ್ತಿ ಮೆಟ್ಟಿಲನ್ನು ತಮ್ಮನ ಮಗ ಒಂದು ಸಲವೂ ಎತ್ತಿಕೋ ಅನ್ನದೆ ಹತ್ತಿದ. ಏಳು ವರ್ಷ ಅವನಿಗೆ. ಹೋದ ವಾರ ಗೊರೂರಿಗೆ ಕರೆದುಕೊಂಡು ಹೋಗಿದ್ದಾಗ, ಅಲ್ಲಿನ ಬಂಡೆಗಳಿಗೆ 300 ಕೋಟಿ ವರ್ಷ ದಾಟಿದೆ ಅಂತ ನಾನೇ ಹೇಳಿದ್ದೆ. ಅವತ್ತಿನಿಂದ ಅವನ ತಲೆಯಲ್ಲಿ ಅದೇ. ಗೊಮ್ಮಟನ ಪಾದದ ಹತ್ತಿರ ನಿಂತು, ಕತ್ತೆತ್ತಿ ನೋಡಿ, "ಅತ್ತೆ, ಪ್ರಪಂಚ ಮಾಡಿದ್ದು ಈ ದೇವರೇನಾ? ಹಾಗಾದ್ರೆ ಈ ದೇವರನ್ನ ಯಾರು ಮಾಡಿದ್ದು?" ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಪ್ಪ ಗದರಿದರು. "ಹಂಗೆಲ್ಲ ಕೇಳಬಾರದು, ಕಣ್ಣು ಹೋಗ್ತವೆ!" ಹುಡುಗ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡುಬಿಟ್ಟ. ನನಗೆ ಕರುಳು ಚುರುಕ್ ಅಂದಿತು.

ಅದೂ ಎಲ್ಲಿ ನಿಂತು ಗದರಿದ್ದು? ಜೈನರ ಪ್ರಕಾರ ಈ ಪ್ರಪಂಚವನ್ನು ಯಾರೂ ಮಾಡಿಲ್ಲ. ಅದಕ್ಕೆ ಶುರುವೂ ಇಲ್ಲ, ಕೊನೆಯೂ ಇಲ್ಲ. ಬಾಹುಬಲಿ ಗೆದ್ದ ರಾಜ್ಯವನ್ನೇ ಬಿಟ್ಟು ನಿಂತವನು, ಸೃಷ್ಟಿ ಮಾಡಿದವನಲ್ಲ. ಈ ಮೂರ್ತಿಯನ್ನು ಮಾಡಿಸಿದ್ದು ಗಂಗರ ಮಂತ್ರಿ ಚಾವುಂಡರಾಯ, 981ರ ಸುಮಾರಿಗೆ. ಮಗುವಿನ ಎರಡು ಪ್ರಶ್ನೆಗೂ ಅಲ್ಲೇ ಉತ್ತರ ಇತ್ತು ಅಲ್ವಾ? ಇದು ಬಿಡಿ, ನಮ್ಮ ಋಗ್ವೇದದ ನಾಸದೀಯ ಸೂಕ್ತ ಸೃಷ್ಟಿ ಎಲ್ಲಿಂದ ಬಂತು ಅಂತ ಕೇಳುತ್ತಾ ಹೋಗಿ, ಮೇಲೆ ಕೂತು ನೋಡುವವನಿಗೆ ಗೊತ್ತಿರಬಹುದು, ಅವನಿಗೂ ಗೊತ್ತಿಲ್ಲದೆ ಇರಬಹುದು ಅಂತ ಮುಗಿಯುತ್ತದೆ. ಅದನ್ನು ಹೇಳಿದ ಋಷಿಯ ಕಣ್ಣು ಹೋಯಿತಾ?

ನಾನು ದೇವರನ್ನು ನಂಬುವವಳು, ನಿಮಗೆಲ್ಲ ಗೊತ್ತು. ಹಾಸನಾಂಬೆ ಬಾಗಿಲು ತೆಗೆದಾಗ ಪ್ರತಿ ವರ್ಷ ಸಾಲಿನಲ್ಲಿ ನಿಲ್ಲುತ್ತೇನೆ. ಅಪ್ಪ ಐಸಿಯುನಲ್ಲಿದ್ದಾಗ ಅವಳ ಹೆಸರು ಬಿಟ್ಟು ಬೇರೇನೂ ಬಾಯಿಗೆ ಬರಲಿಲ್ಲ. ಅಪ್ಪ ಉಳಿಯಲಿಲ್ಲ. ಆದರೂ ಹೋಗುತ್ತೇನೆ. ನನಗೆ ಅವಳು ಕಷ್ಟದಲ್ಲಿ ಪಕ್ಕದಲ್ಲಿ ಕೂರುವ ತಾಯಿ. ಪ್ರಪಂಚ ಹೇಗೆ ಶುರುವಾಯಿತು ಅಂತ ಅವಳನ್ನು ಕೇಳುವುದಿಲ್ಲ. ಸುಮಾರು 1380 ಕೋಟಿ ವರ್ಷದ ಹಿಂದೆ ವಿಪರೀತ ಬಿಸಿಯ, ಒತ್ತಾದ ಸ್ಥಿತಿಯಿಂದ ಎಲ್ಲ ಹಿಗ್ಗಲು ಶುರುವಾಯಿತು ಅಂತ ವಿಜ್ಞಾನಿಗಳು ಹೇಳುತ್ತಾರೆ, ಒಪ್ಪುತ್ತೇನೆ. ಅದಕ್ಕೂ ಮುಂಚೆ ಏನಿತ್ತು ಅಂದರೆ ಅವರೂ ಗೊತ್ತಿಲ್ಲ ಅನ್ನುತ್ತಾರೆ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲೇ ಲೆಕ್ಕ ಹಾಕಿದ ಬೆಲ್ಜಿಯಂನ ಜಾರ್ಜ್ ಲೆಮೆತ್ರ್ ಒಬ್ಬ ಪಾದ್ರಿ. ಕೊನೆಯವರೆಗೂ ಪಾದ್ರಿಯಾಗೇ ಇದ್ದರು.

ಮಕ್ಕಳಿಗೆ ಮೊದಲು ಭಯಭಕ್ತಿ ಇರಬೇಕು, ಪ್ರಶ್ನೆ ಆಮೇಲೆ ಅಂತ ದೊಡ್ಡಮ್ಮ ಕಾರಿನಲ್ಲಿ ಹೇಳಿದರು. ಆ ಆಮೇಲೆ ಬರುವುದೇ ಇಲ್ಲ ದೊಡ್ಡಮ್ಮ. ಮಗಳು ಚಿಕ್ಕವಳಿದ್ದಾಗ ಇದೇ ಪ್ರಶ್ನೆ ಕೇಳಿದ್ದಳು. ಅಡುಗೆ ಗಡಿಬಿಡಿಯಲ್ಲಿ "ಸುಮ್ನಿರು, ತಲೆ ತಿನ್ನಬೇಡ" ಅಂದಿದ್ದೆ. ಈಗ ಅವಳಿಗೆ 17. ನನ್ನ ಹತ್ತಿರ ಏನೂ ಕೇಳುವುದಿಲ್ಲ.

ದೊಡ್ಡಪ್ಪ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು, ಬೇಜಾರು ಮಾಡಿಕೊಳ್ಳಬೇಡಿ. ರಾತ್ರಿ ಹುಡುಗ ಎರಡು ಸಲ ಎದ್ದು ಲೈಟ್ ಹಾಕಿಸಿಕೊಂಡ, ಕಣ್ಣು ಕಾಣುತ್ತಾ ಅಂತ ನೋಡೋಕೆ. ನಾನು ಎಷ್ಟು ಹೇಳಿದರೂ ನಂಬುತ್ತಿಲ್ಲ. ನೀವೇ ಒಂದು ಫೋನ್ ಮಾಡಿ ಅವನಿಗೆ ಹೇಳಿ.